ನರೆ, ಕನ್ನಡಿ ಮತ್ತು ಕಾಯಕ

12ನೆಯ ಶತಮಾನದ ಶರಣರಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯನವರದು ಗಮನ ಸೆಳೆಯುವ ಹೆಸರು. ಕ್ಷೌರಿಕ ವೃತ್ತಿಯವರಾದ ಅವರು ಬಂದವರ ಮುಂದೆ ಕನ್ನಡಿ ಹಿಡಿಯುವುದನ್ನೇ ಕಾಯಕವೆಂದು ಸ್ವೀಕರಿಸಿದವರು. ರೇಮಮ್ಮ ಎಂಬ ಶರಣೆಯ ಹೆಸರಿಗೂ ಇದೇ ವಿಶೇಷಣ ಅಂಟಿಕೊಂಡಿದೆ. ಕ್ಷೌರಿಕನು ಎದುರು ಬಂದರೆ ಅಪಶಕುನವೆಂದು ಭಾವಿಸಿದ ಸಮಾಜದಲ್ಲಿ ಅವನ ಕೈಯ ಕನ್ನಡಿಗೂ ಕತ್ತರಿಗೂ ಪೂಜೆಯ ಗೌರವವಿತ್ತದ್ದು ಶರಣರ ಹಿರಿಮೆ. ಅಂಥ ಕನ್ನಡಿಯಲ್ಲಿ ನಡುವಯಸ್ಸಿನವರ ಕಣ್ಣು ಮೊದಲು ಹೋಗುವುದು ಕಿವಿಯ ಪಕ್ಕದ ಒಂದೆರಡು ಬಿಳಿಗೂದಲಿನತ್ತ. ಈ ಒಂದೆರಡು ಕೂದಲಿಗೆ ಭಾರತದಲ್ಲಿ ದೀರ್ಘವಾದ ಇತಿಹಾಸವೇ ಇದೆ.

ಬೌದ್ಧರ ಜಾತಕಕಥೆಗಳಲ್ಲಿ ಮಖಾದೇವನೆಂಬ ಅರಸನು ತನ್ನ ಕ್ಷೌರಿಕನಿಗೆ, ತಲೆಯಲ್ಲಿ ನರೆ ಕಂಡ ದಿನ ತಿಳಿಸಬೇಕೆಂದು ಅಪ್ಪಣೆ ಮಾಡಿರುತ್ತಾನೆ. ಒಂದು ದಿನ ಒಂದೇ ಒಂದು ಕೂದಲು ಬೆಳ್ಳಗೆ ಕಂಡಿತು. ಕ್ಷೌರಿಕನು ಚಿನ್ನದ ಚಿಮಟದಿಂದ ಅದನ್ನು ಕಿತ್ತು ಅರಸನ ಅಂಗೈಯಲ್ಲಿಟ್ಟನು. ಆಯುಷ್ಯವಿನ್ನೂ 84,000 ವರ್ಷ ಉಳಿದಿದ್ದರೂ ಅರಸನು ರಾಜ್ಯವನ್ನು ಮಗನಿಗೊಪ್ಪಿಸಿ ಹೊರಟನು. ನಿಜ ಹೇಳಿದ ಕ್ಷೌರಿಕನಿಗೆ ಒಂದು ಗ್ರಾಮವನ್ನೇ ಉಂಬಳಿಯಾಗಿ ಕೊಟ್ಟನು. ಕ್ರಿಸ್ತಪೂರ್ವ 2ನೆಯ ಶತಮಾನದ ಸುಮಾರಿನ ಭಾರ್‌ಹುತ್ ಸ್ತೂಪದಲ್ಲಿ ಈ ದೃಶ್ಯವನ್ನು ಹೆಸರು ಸಹಿತ ಕಲ್ಲಿನಲ್ಲಿ ಕಡೆದಿದ್ದಾರೆ. ಕಾಳಿದಾಸನ ರಘುವಂಶದಲ್ಲಿ ದಶರಥನಿಗೆ ಮುಪ್ಪು ನರೆಯ ರೂಪದಲ್ಲಿ ಕಿವಿಯ ಬಳಿಗೇ ಬಂದು, ರಾಜ್ಯವನ್ನು ರಾಮನಿಗೆ ಕೊಡೆಂದು ಪಿಸುಗುಟ್ಟುತ್ತದೆ. ಸೋಮದೇವಸೂರಿಯು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿಯೂ ಯಶೋಧರನ ತಂದೆ ಕನ್ನಡಿಯಲ್ಲಿ ಬಿಳಿಗೂದಲನ್ನು ಕಂಡು ವಿರಕ್ತನಾಗುತ್ತಾನೆ. 1209ರಲ್ಲಿ ಜನ್ನ ಕನ್ನಡಕ್ಕೆ ತಂದದ್ದು ಈ ಯಶೋಧರನ ಚರಿತೆಯನ್ನೇ.

ಈ ಕಥೆಗಳಲ್ಲೆಲ್ಲ ನರೆಯು ಮನೆ ಬಿಟ್ಟು ಹೊರಡುವುದಕ್ಕೆ ಬಂದ ಕರೆ. ಆದರೆ ಬಸವಣ್ಣನವರ ಸುಪ್ರಸಿದ್ಧ ವಚನವೊಂದರ ನಿಲುವು ಬೇರೆ. ಅಲ್ಲಿ ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಎಣಿಸುವಾಗ ಮೊದಲು ಬರುವುದು ನರೆಯೇ. ಆದರೆ ಅವು ಬಂದ ಮೇಲೆ ಏನು ಮಾಡಬೇಕೆಂಬುದು ಅಲ್ಲಿಯ ವಿಷಯವಲ್ಲ. ಅವು ಬರುವುದಕ್ಕೆ ಮೊದಲೇ, ಕೈಕಾಲು ಗಟ್ಟಿಯಿರುವಾಗಲೇ, ಕೂಡಲಸಂಗಮನನ್ನು ಪೂಜಿಸಬೇಕೆಂಬುದು ಅದರ ಒತ್ತಾಯ. ಅರಸನು ಬಿಳಿಗೂದಲಿಗಾಗಿ ಕಾದು ಕುಳಿತಿದ್ದನು, ಶರಣನು ಕಾಯುವವನಲ್ಲ. ಹೀಗಿರುವಾಗ ಬಿಳಿಗೂದಲನ್ನು ತೋರಿಸಿಕೊಂಡರೆ ಭಕ್ತಿ ಹೆಚ್ಚದು, ಮುಚ್ಚಿಕೊಂಡರೆ ಕುಂದದು. ಜಟೆ ಬಿಟ್ಟುದನ್ನೂ ತಲೆ ಬೋಳಿಸಿದುದನ್ನೂ ಭಕ್ತಿಯ ಪ್ರಮಾಣವೆಂದು ಒಪ್ಪದ ಶರಣರು ನರೆಯನ್ನು ಮಾತ್ರ ಪ್ರಮಾಣವೆಂದು ಒಪ್ಪಿಯಾರೇ?

ಮುಚ್ಚುವ ವಿದ್ಯೆಯೂ ಹಳೆಯದೇ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣವನ್ನು ಆರಂಭಿಸುವುದೇ ಕೇಶರಂಜನದಿಂದ. ತಲೆ ಬೆಳ್ಳಗಾದವನಿಗೆ ಮಾಲೆ, ಗಂಧ, ವಸ್ತ್ರ, ಆಭರಣ ಯಾವುದೂ ಒಪ್ಪುವುದಿಲ್ಲವೆಂಬುದು ಅವನ ಅಭಿಪ್ರಾಯ. ಶರಣರು ಇದನ್ನು ಒಪ್ಪುತ್ತಿರಲಿಲ್ಲವೆಂಬುದು ಬೇರೆ ಮಾತು. ಹಾರಕದ ಅಕ್ಕಿಯನ್ನು ಹುಳಿಯಲ್ಲಿ ಕಬ್ಬಿಣದ ಪುಡಿಯೊಡನೆ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ, ನುಣ್ಣಗೆ ಅರೆದು, ಹುಳಿಯಿಂದ ತೊಳೆದ ತಲೆಗೆ ಹಚ್ಚಿ, ಹಸಿ ಎಲೆಗಳಿಂದ ಸುತ್ತಿ ಎರಡು ಯಾಮ ಬಿಡಬೇಕು. ಅಂದರೆ ಆರು ಗಂಟೆ. ಅನಂತರ ನೆಲ್ಲಿಕಾಯಿಯ ಲೇಪ, ಮತ್ತೆ ಎರಡು ಯಾಮ. ಇದರ ಗುಟ್ಟು ಸರಳವಾದುದು. ಹುಳಿಯಲ್ಲಿ ಕರಗಿದ ಕಬ್ಬಿಣವು ನೆಲ್ಲಿಯ ಒಗರಿನೊಡನೆ ಕೂಡಿದಾಗ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಕ್ರಮದಲ್ಲಿ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಪುಡಿಯನ್ನು ರಾತ್ರಿಯಿಡೀ ನೆನೆಹಾಕುವ ಗೃಹಿಣಿಯು ತಿಳಿದೋ ತಿಳಿಯದೆಯೋ ವರಾಹಮಿಹಿರನ ಪಾಠವನ್ನೇ ಅನುಸರಿಸುತ್ತಾಳೆ.

ಆದರೆ ಅದು ಅರಸರ, ದಿನವಿಡೀ ಬಿಡುವಿದ್ದವರ, ಇಡೀ ತಲೆಯ ವಿಧಾನ. ನಾಲ್ಕಾರು ಕೂದಲಿಗೆ ಅಷ್ಟು ಸಂಭ್ರಮ ಬೇಕಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ಸುತ್ತಿನದು ರೇಷ್ಮೆಯ ಸೀಮೆ. ಅಲ್ಲಿ ದ್ವಿತಳಿ ಗೂಡಿನ ಬೆಳ್ಳನೆಯ ಎಳೆಗೆ ಹಳದಿ ಎಳೆಗಿಂತ ಬೆಲೆ ಹೆಚ್ಚು. ತಲೆಯ ಬೆಳ್ಳನೆಯ ಎಳೆಗೆ ಮಾತ್ರ ಆ ಮರ್ಯಾದೆ ಇಲ್ಲ. ರೇಷ್ಮೆಯಂತೆ ಕೂದಲೂ ಪ್ರೋಟೀನಿನ ಎಳೆಯಾದುದರಿಂದ ಗಿಡದ ಬಣ್ಣ ಅದಕ್ಕೂ ಹಿಡಿಯುತ್ತದೆ. ಗೋರಂಟಿಯ ಗುಣ ಇಲ್ಲಿ ವಿಶೇಷವಾದುದು. ಅದು ಕಪ್ಪು ಕೂದಲನ್ನು ತಿಳಿಗೊಳಿಸಲಾರದು. ತಲೆಗೆಲ್ಲ ಹಚ್ಚಿದರೂ ಕೆಂಪು ಎದ್ದು ಕಾಣುವುದು ಬಿಳಿಯ ಎಳೆಗಳಲ್ಲಿ ಮಾತ್ರ. ಆ ಕೆಂಪೂ ಬೇಡವೆನ್ನುವವರು ಗೋರಂಟಿಯನ್ನು ತೊಳೆದ ಮೇಲೆ ನೀಲಿ ಗಿಡದ ಎಲೆಯ ಪುಡಿಯನ್ನು ಕಲಸಿ ಅಷ್ಟೇ ಜಾಗಕ್ಕೆ ಹಚ್ಚಿದರೆ ಕಂದುಗಪ್ಪು ಬರುತ್ತದೆ. ಬೈತಲೆಯಲ್ಲಿಯೋ ಕೆನ್ನೆಯ ಮೇಲ್ಭಾಗದಲ್ಲಿಯೋ ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಸವರಿದರೆ ಸಾಕು. ಅಂಗಡಿಯಲ್ಲಿ ‘ಕಪ್ಪು ಗೋರಂಟಿ’ ಎಂದು ಮಾರುವ ಪೊಟ್ಟಣಗಳಲ್ಲಿ ಅನೇಕವು ಬರಿಯ ಗೋರಂಟಿಯಲ್ಲ. ಅವುಗಳಲ್ಲಿ ರಾಸಾಯನಿಕ ಬಣ್ಣ ಬೆರೆತಿರುತ್ತದೆ.

ಆ ರಾಸಾಯನಿಕದ ಹೆಸರು ಪ್ಯಾರಾಫಿನೈಲಿನ್‌ಡೈಅಮೈನ್. 19ನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಇದರಿಂದ ಕೂದಲಿಗೆ ಬಣ್ಣ ಹಾಕುವುದು ಮೊದಲಾಯಿತು. 1907ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶ್ಯುಲೇರ್ ಕೇಶವರ್ಣದ ವ್ಯಾಪಾರ ಆರಂಭಿಸಿದ ಮೇಲೆ ಇಂಥ ಬಣ್ಣಗಳು ಲೋಕವ್ಯಾಪಿಯಾದವು. ಬಣ್ಣ ಗಾಢವಾಗಿ ನಿಲ್ಲುವುದು ನಿಜ. ಕೆಲವರಿಗೆ ಇದರಿಂದ ತಲೆ ತುರಿಸಿ, ಕಣ್ಣುರೆಪ್ಪೆ ಮುಖಗಳು ಊದಿಕೊಳ್ಳುವುದೂ ನಿಜ. ಒಮ್ಮೆ ಒಗ್ಗದ ಮೈಗೆ ಮತ್ತೆಂದೂ ಒಗ್ಗುವುದಿಲ್ಲ. ನಾಲ್ಕು ಕೂದಲಿಗಾಗಿ ಇಡೀ ನೆತ್ತಿಯನ್ನು ಇದಕ್ಕೆ ಒಡ್ಡುವುದು ವಿವೇಕವಲ್ಲ. ಬಳಸಲೇಬೇಕೆಂದರೆ 48 ಗಂಟೆ ಮೊದಲು ಮೊಣಕೈಯ ಒಳಭಾಗಕ್ಕೆ ತುಸು ಹಚ್ಚಿ ನೋಡಿ, ಬಳಿಕ ನರೆತ ಎಳೆಗೆ ಮಾತ್ರ, ಬುಡದ ಚರ್ಮಕ್ಕೆ ತಾಗದಂತೆ ಸವರಬೇಕು. ಸ್ನಾನದಲ್ಲಿ ತೊಳೆದುಹೋಗುವ ಬಣ್ಣದ ಕಡ್ಡಿಗಳೂ ಈಗ ದೊರೆಯುತ್ತವೆ. ಒಂದು ದಿನದ ಸಮಾರಂಭಕ್ಕೆ ಅಷ್ಟು ಸಾಕು.

ಮಖಾದೇವನ ಚಿಮಟದ ದಾರಿ ಇಂದಿಗೂ ಅನೇಕರದು. ಒಂದನ್ನು ಕಿತ್ತರೆ ಹತ್ತು ಹುಟ್ಟುತ್ತವೆಂಬ ಮಾತಿನಲ್ಲಿ ಹುರುಳಿಲ್ಲ. ಪ್ರತಿಯೊಂದು ಕೂದಲಿಗೂ ಅದರದೇ ಬುಡ, ಅದರದೇ ಬಣ್ಣದ ಕಣಗಳು. ಆದರೆ ಕಿತ್ತಲ್ಲಿ ಮತ್ತೆ ಬರುವುದೂ ಬಿಳಿಯದೇ, ಮತ್ತೆ ಮತ್ತೆ ಕೀಳುತ್ತಿದ್ದರೆ ಬುಡ ಸೊರಗಿ ಅಲ್ಲಿ ಕೂದಲೇ ಬಾರದಾಗುತ್ತದೆ. ಕತ್ತರಿಯಿಂದ ಬುಡದ ಬಳಿ ಕತ್ತರಿಸುವುದು ಲೇಸು.

ಇಪ್ಪತ್ತರ ಹರೆಯದಲ್ಲೇ ನರೆ ಕಂಡವರ ಸಂಕಟ ಬೇರೆ. ಹೆಚ್ಚಿನವರಿಗೆ ಅದು ವಂಶದಿಂದ ಬಂದದ್ದು. ಕೆಲವರಲ್ಲಿ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷಗಳೂ ಕಾರಣವಾಗುವುದರಿಂದ ಬಣ್ಣಕ್ಕಿಂತ ಮೊದಲು ವೈದ್ಯರನ್ನು ಕಾಣುವುದು ಒಳಿತು. ಹೆಣ್ಣು ನೋಡಲು ಬಂದವರು ಬೈತಲೆಯ ಎರಡು ಎಳೆಗಳನ್ನು ಎಣಿಸಿ ಎದ್ದುಹೋದರೆ, ತಪ್ಪು ಆ ಎಳೆಗಳದೂ ಅಲ್ಲ, ಅವನ್ನು ಗೋರಂಟಿಯಿಂದ ಮರೆಸಿದ ತಾಯಿಯದೂ ಅಲ್ಲ.