ಒಮಾನ್ ತೀರಕ್ಕೆ ಒಗ್ಗುವ ಬಾಹ್ಯಾಕಾಶ ಲಿಫ್ಟ್: ಪರ್ಯಾಯ ವಿನ್ಯಾಸಗಳ ತೌಲನಿಕ ವಿವೇಚನೆ

ಒಮಾನ್‌ನ ದುಕ್ಮ್ ಬಳಿಯ ಇತ್ಲಾಕ್ ಉಡಾವಣಾ ಕೇಂದ್ರದಿಂದ 2024ರ ಡಿಸೆಂಬರ್ 4ರಂದು ‘ದುಕ್ಮ್-1’ ರಾಕೆಟ್ ಹಾರಿತು. ಕಕ್ಷೆ ಸೇರದೆ ಕೆಳಗಿಳಿಯುವ ಪ್ರಾಯೋಗಿಕ ರಾಕೆಟ್ ಅದು. ಮುಂದೊಂದು ದಿನ ಇದೇ ತೀರದಿಂದ ಬಾಹ್ಯಾಕಾಶ ಲಿಫ್ಟ್ ಮೂಲಕ ಸರಕು ಮೇಲೇರಬೇಕಾದರೆ ಯಾವ ವಿನ್ಯಾಸ ಹೊಂದೀತು? ಅದನ್ನು ಕೇಬಲ್ಲಿನ ಬಲದಷ್ಟೇ ಸ್ಥಳದ ಅಕ್ಷಾಂಶ ಮತ್ತು ಹವಾಮಾನ ನಿರ್ಧರಿಸುತ್ತವೆ ಎಂಬುದು ಈ ಲೇಖನದ ವಾದ.

ಯೂರಿ ಅರ್ತ್ಸುತಾನೊವ್ 1960ರಲ್ಲಿ, ಜೆರೋಮ್ ಪಿಯರ್ಸನ್ 1975ರಲ್ಲಿ ವಿವರಿಸಿದ ಲಿಫ್ಟ್‌ಗೆ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯೇ ಆಧಾರ. ಅಲ್ಲಿಂದ ಕೇಬಲ್ಲಿನ ಒಂದು ತುದಿ ನೆಲಕ್ಕಿಳಿದರೆ, ಇನ್ನೊಂದು ಪ್ರತಿಭಾರದತ್ತ ಚಾಚುತ್ತದೆ. ಬ್ರಾಡ್ಲಿ ಎಡ್ವರ್ಡ್ಸ್ ಸುಮಾರು 1,00,000 ಕಿ.ಮೀ. ಉದ್ದದ ನ್ಯಾನೊಕೊಳವೆಯ ಪಟ್ಟಿಯನ್ನು ಪ್ರಸ್ತಾಪಿಸಿ, ಅದರ ಬುಡಕ್ಕೆ ಸಮಭಾಜಕ ವೃತ್ತದ ಸಮೀಪದ ಪೆಸಿಫಿಕ್ ಸಾಗರವನ್ನು ಆರಿಸಿದರು. ಅಲ್ಲಿ ಚಂಡಮಾರುತ, ಸಿಡಿಲು ವಿರಳ.

ದುಕ್ಮ್ ಪ್ರದೇಶ ಇರುವುದು ಉತ್ತರ ಅಕ್ಷಾಂಶ 18–20 ಡಿಗ್ರಿಗಳ ಆಸುಪಾಸಿನಲ್ಲಿ. ಸಮಭಾಜಕದಿಂದ ದೂರದಲ್ಲೂ ಕೇಬಲ್ ನೆಡಬಹುದೆಂದು ಬ್ಲೇಸ್ ಗಸಾಂಡ್ ಗಣಿತದಿಂದ ತೋರಿಸಿದ್ದಾರೆ. ಆದರೆ ಅಂಥ ಕೇಬಲ್ ಬುಡದಲ್ಲಿ ಸಮಭಾಜಕದ ಕಡೆಗೆ ವಾಲುತ್ತದೆ. ವಾಲಿದಷ್ಟೂ ವಾತಾವರಣದೊಳಗಿನ ಅದರ ಹಾದಿ ಉದ್ದವಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ಇದು ಸಣ್ಣ ತೊಡಕಲ್ಲ. 2007ರಲ್ಲಿ ಗೋನು, 2018ರಲ್ಲಿ ಮೆಕುನು, 2021ರಲ್ಲಿ ಶಾಹೀನ್ ಚಂಡಮಾರುತಗಳು ಒಮಾನನ್ನು ಅಪ್ಪಳಿಸಿವೆ. ನೆಲಕ್ಕೆ ಬಿಗಿದ ಲಿಫ್ಟ್ ಇಲ್ಲಿಗೆ ತಕ್ಕುದಲ್ಲ.

ಹಾನ್ಸ್ ಮೊರಾವೆಕ್ 1977ರಲ್ಲಿ ಮಂಡಿಸಿದ ತಿರುಗುವ ಕೇಬಲ್ಲನ್ನು ನೆಲಕ್ಕೆ ಬಿಗಿಯಬೇಕಿಲ್ಲ. ಕಕ್ಷೆಯಲ್ಲಿ ಸಾಗುತ್ತಲೇ ಅದು ಗಿರಿಗಿರಿ ತಿರುಗುತ್ತದೆ. ತುದಿ ಕೆಳಗಿಳಿದಾಗ ಅದರ ಹಿಮ್ಮುಖ ಚಲನೆ ಕಕ್ಷಾವೇಗವನ್ನು ಭಾಗಶಃ ಕಳೆಯುತ್ತದೆ. ಆ ಕ್ಷಣದಲ್ಲಿ ಕೆಳಗಿನಿಂದ ಬಂದ ವಾಹನದ ಸರಕನ್ನು ಹಿಡಿದು ಮೇಲಕ್ಕೆಸೆಯುತ್ತದೆ. ಇಂಥ ಕೇಬಲ್ ಕುರಿತು ಬೋಯಿಂಗ್ ಭಾಗವಹಿಸಿದ್ದ ಹ್ಯಾಸ್ಟಾಲ್ ಅಧ್ಯಯನದಲ್ಲಿ ಈ ಭೇಟಿ ನಡೆಯುವುದು ಸುಮಾರು 100 ಕಿ.ಮೀ. ಎತ್ತರದಲ್ಲಿ, ಸುಮಾರು ಮ್ಯಾಕ್ 10 ವೇಗದಲ್ಲಿ. ಅಂದರೆ ಸೆಕೆಂಡಿಗೆ ಸರಿಸುಮಾರು 3 ಕಿ.ಮೀ. ಕೇಬಲ್ಲಿನ ಕಕ್ಷೆ 20 ಡಿಗ್ರಿಯಷ್ಟು ಓರೆಯಾಗಿದ್ದರೆ ಅದು ದುಕ್ಮ್ ಮೇಲೆ ಹಾದುಹೋಗಬಲ್ಲದು. ಪೂರ್ವಕ್ಕೆ ತೆರೆದ ಕಡಲಿರುವುದರಿಂದ ಭೂಭ್ರಮಣದ ಸೆಕೆಂಡಿಗೆ ಸುಮಾರು 440 ಮೀಟರ್ ವೇಗವೂ ವಾಹನಕ್ಕೆ ದಕ್ಕುತ್ತದೆ.

ಎತ್ತರ ಮುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯದು. ನೆಟ್ಟಗೆ ಏರಿದ ರಾಕೆಟ್ ತುತ್ತತುದಿಯಲ್ಲಿ ಕ್ಷಣಕಾಲ ನಿಂತಂತಿರುತ್ತದೆ. ಕೇಬಲ್ ತುದಿಯಾದರೋ ಅಡ್ಡಡ್ಡವಾಗಿ ಧಾವಿಸುತ್ತಿರುತ್ತದೆ. ಆದ್ದರಿಂದ ಒಮಾನ್‌ಗೆ ಬೇಕಾದುದು ಅಡ್ಡವೇಗ ಗಳಿಸುವ, ಮತ್ತೆ ಮತ್ತೆ ಬಳಸಬಹುದಾದ ವಾಹನ. ಸರಕನ್ನೆಸೆದಾಗ ಕೇಬಲ್ ಕಳೆದುಕೊಳ್ಳುವ ಸಂವೇಗವನ್ನು ಕೇಬಲ್ಲಿನಲ್ಲಿ ಸೌರವಿದ್ಯುತ್ ಹರಿಸಿ, ಭೂಕಾಂತಕ್ಷೇತ್ರವನ್ನು ತಳ್ಳಿ ಮರಳಿ ಪಡೆಯಬೇಕು. ಆದರೆ ಕಕ್ಷೆಯಲ್ಲಿ ಇಂಥ ಉದ್ದನೆಯ ಕೇಬಲ್ ಬಿಚ್ಚುವುದೇ ಸುಲಭವಲ್ಲ: 1996ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯಿಂದ ಬಿಚ್ಚಿದ ಕೇಬಲ್ ಸುಮಾರು 20 ಕಿ.ಮೀ. ತಲುಪುವಷ್ಟರಲ್ಲಿ ವಿದ್ಯುತ್ ಕಿಡಿಯಿಂದ ತುಂಡಾಯಿತು. ಹ್ಯಾಸ್ಟಾಲ್‌ಗೆ ಬೇಕಾದ ಉದ್ದವೋ ನೂರಾರು ಕಿ.ಮೀ.

ಇಷ್ಟು ತೊಡಕುಗಳಿದ್ದರೂ ಒಮಾನ್ ಮಟ್ಟಿಗೆ ತಿರುಗುವ ಕೇಬಲ್ಲೇ ಯುಕ್ತ. ಅದು ಚಂಡಮಾರುತದ ಮೇಲಿರುತ್ತದೆ, ಅಕ್ಷಾಂಶಕ್ಕೆ ಹೊಂದುತ್ತದೆ, ಈಗಿರುವ ಉಡಾವಣಾ ಕೇಂದ್ರವನ್ನೇ ಬಳಸಿಕೊಳ್ಳುತ್ತದೆ. ಮುಂದಿನ ಸಂಶೋಧನೆ ಎತ್ತರಕ್ಕಿಂತ ಅಡ್ಡವೇಗಕ್ಕೆ, ಭೇಟಿಯ ನಿಖರತೆಗೆ ಆದ್ಯತೆ ಕೊಡಬೇಕು.