ಸೀಸದಿಂದ ಚಿನ್ನ: ಹಳೆಯ ವಾದ, ಹೊಸ ಉತ್ತರ

ಸೀಸವನ್ನು ಚಿನ್ನ ಮಾಡುವ ರಸವಾದಿಗಳ ಕನಸನ್ನು ಇಬ್ನು ಸೀನಾ (980–1037) ಒಪ್ಪಿರಲಿಲ್ಲ. ಲೋಹದ ಬಣ್ಣ ಬದಲಿಸಬಹುದು, ಜಾತಿ ಬದಲಿಸಲಾಗದು ಎಂಬುದು ಅವರ ವಾದ. ಕುಲುಮೆಯ ಮಟ್ಟಿಗೆ ಅದು ಸರಿಯೇ. ಆದರೆ ಲೋಹದ ಜಾತಿ ಇರುವುದು ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ: ಸೀಸಕ್ಕೆ 82 ಪ್ರೋಟಾನು, ಚಿನ್ನಕ್ಕೆ 79.

ಅತಿವೇಗದ ಎರಡು ನ್ಯೂಕ್ಲಿಯಸ್ಸುಗಳು ಮುಟ್ಟದೆ ಹಾದುಹೋದರೂ, ಒಂದರ ವಿದ್ಯುತ್ ಕ್ಷೇತ್ರ ಇನ್ನೊಂದಕ್ಕೆ ಬೆಳಕಿನ ಹೊಡೆತದಂತೆ ತಾಗುತ್ತದೆ. ಈ ಲೆಕ್ಕಕ್ಕೆ 1924ರಲ್ಲಿ ಫರ್ಮಿ ದಾರಿ ಹಾಕಿದರು. 1934ರಲ್ಲಿ ವೈಝ್‌ಸೇಕರ್, ವಿಲಿಯಮ್ಸ್ ಬೆಳೆಸಿದರು. ಹೊಡೆತಕ್ಕೆ ನ್ಯೂಕ್ಲಿಯಸ್ಸು ತುಯ್ದಾಡಿ ಕೆಲವು ಕಣಗಳನ್ನು ಉದುರಿಸುತ್ತದೆ. ಡಿಕ್ಕಿಯೇ ಬೇಡ!

ಜಿನೀವಾ ಬಳಿಯ ಸರ್ನ್‌ನಲ್ಲಿ 2015–18ರ ನಡುವೆ ಹೀಗೆ ಸೀಸದಿಂದ ಸುಮಾರು 8,600 ಕೋಟಿ ಚಿನ್ನದ ನ್ಯೂಕ್ಲಿಯಸ್ಸುಗಳು ಹುಟ್ಟಿದವೆಂದು ಆಲಿಸ್ ತಂಡ 2025ರಲ್ಲಿ ಪ್ರಕಟಿಸಿತು. ತೂಕವೆಷ್ಟು ಗೊತ್ತೇ? 29 ಪಿಕೋಗ್ರಾಂ. ಮಡಿಕೇರಿಯ ಯಾವ ಅಕ್ಕಸಾಲಿಗನ ತಕ್ಕಡಿಯೂ ಅದಕ್ಕೆ ಅಲುಗದು. ಅದೂ ಕ್ಷಣದೊಳಗೆ ಯಂತ್ರದ ಕೊಳವೆಗೆ ಬಡಿದು ಒಡೆದುಹೋಯಿತು.