ಹಾರ್ಡ್‌ಕೋರ್ ಪಂಕ್ ರೆಕಾರ್ಡುಗಳ ವಿನೈಲ್ ಮರುಮುದ್ರಣ

1980ರ ಸುಮಾರಿಗೆ ಅಮೆರಿಕದ ನಗರಗಳಲ್ಲಿ ಪಂಕ್ ರಾಕ್‌ನಿಂದ ಕವಲೊಡೆದ, ಅದಕ್ಕಿಂತ ಬಿರುಸಾದ, ಕೇಳುಗ ಕಿವಿಗೊಡುವಷ್ಟರಲ್ಲಿ ಮುಗಿದುಹೋಗುವ ಹಾಡುಗಳ ಪಂಥಕ್ಕೆ ಹಾರ್ಡ್‌ಕೋರ್ ಎಂದು ಹೆಸರು. ಅದರ ಮೊದಲ ರೆಕಾರ್ಡುಗಳನ್ನು ಮತ್ತೆ ವಿನೈಲ್‌ನಲ್ಲಿ ಒತ್ತಿಸುವುದನ್ನು ಸಂಗ್ರಹಕಾರರ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ವಾಷಿಂಗ್ಟನ್ ಡಿ.ಸಿ.ಯ ಮೈನರ್ ಥ್ರೆಟ್ ತಂಡದ ಮೊದಲ ರೆಕಾರ್ಡಿನ ಉದಾಹರಣೆ ಈ ಮಾತಿಗೆ ಒಗ್ಗುವುದಿಲ್ಲ. ಬೇಕೆಂದವರಿಗೆಲ್ಲ ಸಿಗಲಿ ಎಂದೇ ಮಾಡಿದ ರೆಕಾರ್ಡು ಅದು; ಕೈಯಲ್ಲಿ ಕಾಸಿಲ್ಲದೆ ಅದು ಅಪರೂಪವಾಯಿತು.

ಇಯನ್ ಮೆಕೇ ಮತ್ತು ಜೆಫ್ ನೆಲ್ಸನ್ ಇದ್ದ ಟೀನ್ ಐಡಲ್ಸ್ ತಂಡ 1980ರಲ್ಲಿ ಒಡೆದಾಗ ಅದರ ಬಳಿ ಕಾರ್ಯಕ್ರಮಗಳಿಂದ ಕೂಡಿಟ್ಟ ಸುಮಾರು 600 ಡಾಲರ್ ಇತ್ತು. ಹಂಚಿಕೊಳ್ಳುವ ಬದಲು ಆ ಹಣದಲ್ಲಿ ಏಳಿಂಚಿನ ರೆಕಾರ್ಡಿನ ಸಾವಿರ ಪ್ರತಿ ಒತ್ತಿಸಿದರು. ಡಿಸ್ಕಾರ್ಡ್ ಸಂಸ್ಥೆ ಹುಟ್ಟಿದ್ದು ಹಾಗೆ. ಲಕೋಟೆ ಮಾಡುವ ಬಗೆ ತಿಳಿಯದೆ, ಇಂಗ್ಲೆಂಡಿನ ಒಂದು ರೆಕಾರ್ಡಿನ ಲಕೋಟೆಯನ್ನು ಬಿಚ್ಚಿ ಹರಡಿ, ಅದರ ಅಂಚಿನ ಗುಂಟ ಗೆರೆ ಎಳೆದುಕೊಂಡರು. ಅಚ್ಚಾಗಿ ಬಂದ ಹಾಳೆಗಳನ್ನು ಕತ್ತರಿಯಿಂದ ಕತ್ತರಿಸಿ, ಮಡಚಿ, ಅಂಟು ಹಾಕಿದ್ದೆಲ್ಲ ತಾವೇ. ಇದೇ ಇಬ್ಬರು ಕಟ್ಟಿದ ಮೈನರ್ ಥ್ರೆಟ್‌ನ ಮೊದಲ ರೆಕಾರ್ಡು 1981ರಲ್ಲಿ ಬಂತು. ಡಾನ್ ಜಿಯೆಂಟಾರಾ ಅವರ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಮುದ್ರಿಸಿದ ಎಂಟು ಹಾಡು. ಎಲ್ಲ ಸೇರಿ ಹತ್ತು ನಿಮಿಷವೂ ಇಲ್ಲ. ಪ್ರತಿಗಳು ತೀರಿದಂತೆಲ್ಲ ಮತ್ತೆ ಒತ್ತಿಸಿದರು, ಲಕೋಟೆಯ ಬಣ್ಣವನ್ನೂ ಬದಲಿಸಿದರು. ತಂಡ 1983ರಲ್ಲಿ ಮುಗಿಯಿತು. ಮರುವರ್ಷ ಮೊದಲೆರಡು ಏಳಿಂಚಿನ ರೆಕಾರ್ಡುಗಳನ್ನು ಒಂದೇ ಹನ್ನೆರಡಿಂಚಿನ ತಟ್ಟೆಗೆ ಸೇರಿಸಲಾಯಿತು. ನೆನಪು ಹಳತಾಗುವ ಮೊದಲೇ ನಡೆದ ಈ ಕೆಲಸವನ್ನು ಗತಕಾಲದ ಹಂಬಲ ಎನ್ನಲಾಗದು.

ಕೈಯಲ್ಲಿ ಮಡಚಿದ ಲಕೋಟೆ, ಮೊದಲ ಒತ್ತಿನ ಸದ್ದು ಹೊಸ ಪ್ರತಿಯಲ್ಲಿ ಎಲ್ಲಿ ಎಂಬ ಆಕ್ಷೇಪ ಹಗುರವಾದದ್ದಲ್ಲ. ಎರಡು ರೆಕಾರ್ಡು ಒಂದಾದಾಗ ಹಾಡುಗಳ ನಡುವಿನ ಬಿಡುವೂ ಬದಲಾಗುತ್ತದೆ, ಅದು ನಿಜವಾದ ನಷ್ಟವೇ. ಆದರೆ ಗೀರು ಕೊರೆದ ಮೂಲ ತಟ್ಟೆಯಿಂದ ತೆಗೆದ ಲೋಹದ ಅಚ್ಚು ಒತ್ತುತ್ತ ಒತ್ತುತ್ತ ಸವೆಯುತ್ತದೆ, ಹೊಸ ಅಚ್ಚು ಬೇಕೇ ಬೇಕಾಗುತ್ತದೆ. ಹೀಗಿರುವಾಗ ಮೂಲ ಎಂಬ ಒಂದೇ ಒಂದು ಪರಿಶುದ್ಧ ಪ್ರತಿ ಕಾರ್ಖಾನೆಯಲ್ಲೇ ಇರುವುದಿಲ್ಲ. ಕತ್ತರಿ, ಅಂಟು ಕೂಡ ಕಲೆಯ ಹಟವಾಗಿರಲಿಲ್ಲ, ಬಡತನದ ಉಪಾಯವಾಗಿತ್ತು. ಅದೇ ಊರಿನ ಬ್ಯಾಡ್ ಬ್ರೈನ್ಸ್ ತಂಡದ ಮೊದಲ ಆಲ್ಬಂ 1982ರಲ್ಲಿ ಹೊರಬಂದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ವಿನೈಲ್‌ನಲ್ಲಿ ಕೊಂಡು ಮೂಲಕ್ಕೆ ಮರಳಿದೆವು ಎನ್ನುವವರನ್ನು ಕಂಡರೆ ನಗು ಬರಬೇಕು. ಡಿಜಿಟಲ್ ಇರುವಾಗ ತಟ್ಟೆ ಏಕೆ ಎಂಬ ಇನ್ನೊಂದು ಪ್ರಶ್ನೆಗೂ ಉತ್ತರವಿದೆ. ಮೈನರ್ ಥ್ರೆಟ್‌ನ ಹಾಡುಗಳ ಸಾಲನ್ನು ಜೋಡಿಸಿದ್ದು ಒಂದು ಮಗ್ಗುಲಿನ ಅಳತೆಗೆ. ತಟ್ಟೆ ಮಗುಚುವ ಆ ನಾಲ್ಕು ಕ್ಷಣದ ಮೌನವೂ ಅದರ ರಚನೆಯ ಭಾಗ. ತಪ್ಪಿರುವುದು ಮರುಮುದ್ರಣದಲ್ಲಲ್ಲ, ಬೇಕೆಂದೇ ಕೆಲವೇ ಪ್ರತಿ ಒತ್ತಿಸಿ, ಬಣ್ಣದ ವಿನೈಲಿಗೆ ಬೆಲೆ ಏರಿಸಿ, ಇಲ್ಲದ ಅಭಾವವನ್ನು ಹುಟ್ಟಿಸುವ ವ್ಯಾಪಾರದಲ್ಲಿ. ಮರುಮುದ್ರಣ ಮೂಲವನ್ನು ಉಳಿಸಿಕೊಳ್ಳುವ ಬಗೆಗೆ ಲಕೋಟೆಯೇ ಸಾಕ್ಷಿ: ಮೈನರ್ ಥ್ರೆಟ್‌ನ ಮೊದಲ ಲಕೋಟೆಯ ಮೇಲೆ, ಮೊಣಕಾಲಿನ ಮೇಲಿಟ್ಟ ಕೈಗಳಿಗೆ ಬೋಳುತಲೆ ಆನಿಸಿ ಕುಳಿತ ಹುಡುಗನ ಚಿತ್ರವಿದೆ. ಆತ ಆ ತಂಡದವನಲ್ಲ, ಇಯನ್ ಅವರ ತಮ್ಮ ಅಲೆಕ್ ಮೆಕೇ. 1984ರ ತಟ್ಟೆಯ ಲಕೋಟೆಯ ಮೇಲೂ ಅದೇ ಚಿತ್ರವಿದೆ.